ಓವನ್ ಕೆಟ್ಟಿದೆ, ಗುರುವಾರ ಬನ್ನಿ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಬೀದಿಯ ಬೇಕರಿಯ ಓವನ್ ಈಚೆಗೆ ಕೆಟ್ಟಿತ್ತು. ಅಂಗಡಿ ತೆರೆದಿದೆಯೇ ಎಂದು ಅವರ ವೆಬ್‌ಸೈಟ್ ನೋಡಿದರೆ ಮೇಲ್ಗಡೆಯೇ ಒಂದು ಸಾಲು: ದುರಸ್ತಿ ನಡೆಯುತ್ತಿದೆ, ಗುರುವಾರದವರೆಗೆ ಬ್ರೆಟ್ಸೆಲ್ (ಗಂಟು ಹಾಕಿದಂಥ ಬ್ರೆಡ್) ಇಲ್ಲ, ಕಾಫಿ ಉಂಟು. ಸೈಟಿನ ಅಂದಚಂದ ಕೇಳಬೇಡಿ. ಮಂಕು ಫೋಟೊಗಳು, ಓಬೀರಾಯನ ಕಾಲದ ಅಕ್ಷರಗಳು. ಆದರೆ ಮಾತು ಇವತ್ತಿನದು. ನನಗೆ ಹೊಟ್ಟೆ ಉರಿಯಿತು.

ಉರಿಯಲು ಕಾರಣವಿದೆ. ಹಿಂದಿನ ರಜೆಯಲ್ಲಿ ಸೈಟ್ ನೋಡಿ ಮೆಚ್ಚಿ ಮಲೆನಾಡಿನ ಒಂದು ಹೋಂಸ್ಟೇಗೆ ಸಂಸಾರ ಸಮೇತ ಹೊರಟಿದ್ದೆವು. ಅದರಲ್ಲಿದ್ದ ಫೋನ್ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ದಾರಿ ಕೇಳಿಕೊಂಡು ತಲುಪಿದರೆ, ಊಟ ತಿಂಡಿಯ ವ್ಯವಸ್ಥೆ ಕೊರೊನಾ ಬಂದಾಗಲೇ ನಿಂತಿತು ಎಂದರು. ಸೈಟಿನಲ್ಲಿ ಮಾತ್ರ ನೀರುದೋಸೆಯಿಂದ ಇನ್ನೂ ಹಬೆ ಏಳುತ್ತಿತ್ತು.

ನಮ್ಮಲ್ಲಿ ವೆಬ್‌ಸೈಟ್ ಮಾಡಿಸುವುದೆಂದರೆ ಗೃಹಪ್ರವೇಶ ಮಾಡಿ ಬಾಗಿಲಿಗೆ ಬೀಗ ಹಾಕಿದಂತೆ. ಮೊದಲ ದಿನ ಹಾರ, ಸಿಹಿ, ಬಂಧುಬಳಗಕ್ಕೆಲ್ಲ ಲಿಂಕ್. ಆಮೇಲೆ ಪಾಸ್‌ವರ್ಡ್ ಯಾರ ಬಳಿ ಇದೆ ಎಂದೇ ಗೊತ್ತಿರುವುದಿಲ್ಲ. ಆಯುಧಪೂಜೆಯ ದಿನ ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರಿಗೆ ಕುಂಕುಮ ಹಚ್ಚುತ್ತೇವೆ. ಅದರೊಳಗಿನ ಸಮಯ, ಬೆಲೆ, ಸಂಖ್ಯೆಯನ್ನು ತಿದ್ದುವುದಿಲ್ಲ. ಗೂಗಲ್, ಅಂಗಡಿಯ ವಿವರ ತೋರಿಸುವ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಕೊಡುತ್ತಿದ್ದ ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ನಮ್ಮೂರ ಪೇಟೆಯ ಬೋರ್ಡುಗಳಲ್ಲಿ, ವಿಸಿಟಿಂಗ್ ಕಾರ್ಡುಗಳಲ್ಲಿ ಆ ವಿಳಾಸಗಳು ಇನ್ನೂ ಮೆರೆಯುತ್ತಿವೆ.

ಇಲ್ಲಿ ಜರ್ಮನಿಯಲ್ಲಿ ಆಗಸ್ಟ್ ಬಂದರೆ ಎರಡು ಮೂರು ವಾರ ಅಂಗಡಿ ಮುಚ್ಚಿ ರಜೆಗೆ ಹೋಗುವವರು ಬಹಳ. ಎಂದಿನಿಂದ ಎಂದಿನವರೆಗೆ ಎಂಬುದು ಎಷ್ಟೋ ಮುಂಚೆಯೇ ಸೈಟಿನಲ್ಲಿರುತ್ತದೆ, ರಜೆ ಮುಗಿದ ಮೇಲೆ ಆ ಸಾಲು ಮಾಯ. ಬರೆಯುವುದಕ್ಕಿಂತ ಅಳಿಸುವುದೇ ದೊಡ್ಡ ಶಿಸ್ತು ಎಂದು ನನಗನ್ನಿಸುತ್ತದೆ. ನಮ್ಮವರು ದೀಪಾವಳಿ ರಿಯಾಯಿತಿಯನ್ನು ಉತ್ಸಾಹದಿಂದ ಹಾಕುತ್ತಾರೆ, ಯುಗಾದಿ ಕಳೆದರೂ ತೆಗೆಯುವುದಿಲ್ಲ. ಅಮಾವಾಸ್ಯೆಗೋ ಜಾತ್ರೆಗೋ ಬಾಗಿಲು ಹಾಕಿದರೆ ಆ ಸುದ್ದಿ ಶಟರಿಗೆ ಕಟ್ಟಿದ ರಟ್ಟಿಗಷ್ಟೇ ಗೊತ್ತು.

ಜರ್ಮನ್ನರದು ಹುಟ್ಟುಗುಣವೇನಲ್ಲ, ಅರ್ಧ ಹೆದರಿಕೆ. ವ್ಯಾಪಾರದ ಸೈಟಿಗೆ ಇಂಪ್ರೆಸ್ಸುಮ್ ಎಂಬ ಪುಟ ಇಲ್ಲಿ ಕಡ್ಡಾಯ: ಮಾಲೀಕರ ಹೆಸರು, ವಿಳಾಸ, ಇಮೇಲ್. ತಪ್ಪಿದ್ದರೆ ಎದುರಾಳಿ ಅಂಗಡಿಯ ವಕೀಲರಿಂದ ನೋಟಿಸ್ ಬರಬಹುದು. 2024ರ ಮೇ ತಿಂಗಳಲ್ಲಿ ಆ ಕಾನೂನಿನ ಹೆಸರು ಬದಲಾದಾಗ ನಮ್ಮ ಬೇಕರಿಯವರು ಪುಟದಲ್ಲಿ ಆ ಹೆಸರಿದ್ದ ಸಾಲನ್ನೂ ತಿದ್ದಿದ್ದರು. ಇನ್ನೊಂದನ್ನೂ ಒಪ್ಪಲೇಬೇಕು: ಸಂಜೆ ಬಾಗಿಲು ಹಾಕಿದ ಮೇಲೆ ಅವರಿಗೆ ಫೋನ್ ಮಾಡಿದರೆ ಗಂಟೆ ಬಡಿಯುತ್ತಲೇ ಇರುತ್ತದೆ, ಎತ್ತುವವರಿಲ್ಲ.

ಊರಲ್ಲಿ ಹಪ್ಪಳ, ಸಂಡಿಗೆ ಮಾರುವ ನನ್ನ ಚಿಕ್ಕಪ್ಪ ರಾತ್ರಿ ಊಟದ ನಡುವೆಯೂ ಫೋನ್ ಎತ್ತುತ್ತಾರೆ, ಅಪ್ಪನ ಮಂಡಿನೋವನ್ನೂ ವಿಚಾರಿಸುತ್ತಾರೆ. ದಿನಾ ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಏನು ಬಂದಿದೆ, ಏನು ಮುಗಿದಿದೆ ಎಂದು ತಪ್ಪದೆ ಹಾಕುತ್ತಾರೆ. ಆದರೆ ಅದು ಸಂಖ್ಯೆ ಇಟ್ಟುಕೊಂಡವರಿಗಷ್ಟೇ ಕಾಣುತ್ತದೆ, ಒಂದು ದಿನಕ್ಕೆ ಅಳಿದುಹೋಗುತ್ತದೆ. ಹೊಸ ಗಿರಾಕಿ ನೋಡುವುದು ಸೈಟನ್ನೇ, ಅಲ್ಲಿ ಹಳೆಯ ಬೆಲೆ. ಅದೇ ಸಾಲನ್ನು ಸೈಟಿಗೂ ಹಾಕಿ ಚಿಕ್ಕಪ್ಪ, ಐದು ನಿಮಿಷದ ಕೆಲಸ ಎಂದೆ. ಸೈಟ್ ಮಾಡಿಕೊಟ್ಟ ಹುಡುಗ ಕೆನಡಾದಲ್ಲಿದ್ದಾನೆ. "ಅವನು ಮದುವೆಗೆ ಬರುತ್ತಾನಲ್ಲ, ಆಗ ನೋಡೋಣ ಬಿಡು" ಎಂದರು. ಹೆಣ್ಣು ಇನ್ನೂ ಗೊತ್ತಾಗಿಲ್ಲವಂತೆ.