94ಕ್ಕೇ ಮುಗೀತು ಅಂದವನಿಗೆ

ಶನಿವಾರದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಇಳಿಯಬಹುದು ಅಂತ ಕೂತಿದ್ದೇನೆ.

ಗೆಳೆಯನ ಮನೆಯಲ್ಲಿ ಏಳೆಂಟು ಜನ ಸೇರಿದ್ದೆವು. ನಮ್ಮ ಹಳೇ ಮೆಟಲ್ ಬಳಗ, ಜೋರು ಗಿಟಾರಿನ ರಾಕ್ ಕೇಳಿಕೊಂಡು ಬೆಳೆದವರು. ಸ್ಪೀಕರ್‌ಗೆ ನನ್ನ ಫೋನ್ ಹಾಕಿ ಬ್ಲ್ಯಾಕ್‌ಬ್ರೇಡ್‌ನ ಮೂರನೇ ಆಲ್ಬಂ ಶುರು ಮಾಡಿದೆ. 2025ರ ಆಗಸ್ಟ್‌ನಲ್ಲಿ ಬಂದದ್ದು. ಅಮೆರಿಕದ ಆಡಿರಾಂಡಾಕ್ ಬೆಟ್ಟಗಳ ಕಡೆಯ, ಅಲ್ಲಿನ ಮೂಲನಿವಾಸಿ ಮೂಲದ ಒಬ್ಬ ಕಲಾವಿದ ಕಟ್ಟಿದ ಬ್ಲ್ಯಾಕ್ ಮೆಟಲ್ ಬ್ಯಾಂಡ್ ಅದು. ಕಿರುಚುವ ದನಿ, ಬಿರುಸಿನ ಗಿಟಾರ್ ಇರುವ ಮೆಟಲ್ ಅಂದುಕೊಳ್ಳಿ. ಗಿಟಾರ್ ಇನ್ನೂ ಸರಿಯಾಗಿ ಏರಿರಲಿಲ್ಲ. ನಾರ್ವೆಯ ಮೇಹೆಮ್ ಬ್ಯಾಂಡಿನ ಟೀ ಶರ್ಟ್ ಹಾಕಿಕೊಂಡಿದ್ದ ಒಬ್ಬ ಎದ್ದು ಬಂದು ನಿಲ್ಲಿಸಿದ. "ಬ್ಲ್ಯಾಕ್ ಮೆಟಲ್ 94ಕ್ಕೇ ಮುಗೀತು ಗುರೂ. ಇದೆಲ್ಲ ಈಗಿನವರ ವೇಷ" ಅಂದ. ನನ್ನ ಫೋನ್ ಕಿತ್ತು ತನ್ನದು ಹಾಕಿದ. ಅದೇ ನಾರ್ವೆ, 1994ರವರೆಗಿನ ಅದೇ ನಾಲ್ಕೈದು ಆಲ್ಬಂ.

ಆ ಆಲ್ಬಂಗಳು ನನಗೂ ಪ್ರಾಣ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳದೇ ನಿಲ್ಲಿಸಿದನಲ್ಲ, ಅದು ಹೊಟ್ಟೆಯೊಳಗೆ ಉರಿಯುತ್ತಿದೆ.

ಅವನ ಎದೆ ಮೇಲಿದ್ದ ಬ್ಯಾಂಡನ್ನೇ ತೆಗೆದುಕೊಳ್ಳಿ. ಮೇಹೆಮ್‌ನ 1994ರ ಆಲ್ಬಂನಲ್ಲಿ ಹಾಡಿದವನು ಆಟಿಲಾ ಚಿಹಾರ್. ಹಂಗೇರಿಯವನು. ಅವನಿಗಿಂತ ಮೊದಲು ಆ ಬ್ಯಾಂಡಿನಲ್ಲಿ ಹಾಡುತ್ತಿದ್ದ, ಆ ಹಾಡುಗಳ ಸಾಹಿತ್ಯ ಜಾಸ್ತಿ ಪಾಲು ಬರೆದ 'ಡೆಡ್' ಅನ್ನೋ ಹೆಸರಿನ ಗಾಯಕ ಸ್ವೀಡನ್‌ನವನು. ಬ್ಲ್ಯಾಕ್ ಮೆಟಲ್ ಅನ್ನೋ ಹೆಸರೇ ಬಂದದ್ದು ಇಂಗ್ಲೆಂಡಿನ ವೆನಮ್ 1982ರಲ್ಲಿ ತಂದ ಆಲ್ಬಂನಿಂದ. ಮುಖಕ್ಕೆ ಬಿಳಿ ಕಪ್ಪು ಬಳಿದುಕೊಂಡು, ಸೊಂಟಕ್ಕೆ ಗುಂಡಿನ ಬೆಲ್ಟ್ ಕಟ್ಟಿಕೊಂಡು ಬ್ರೆಜಿಲ್‌ನ ಸಾರ್ಕೊಫಾಗೊ ಮೊದಲ ಆಲ್ಬಂ ತಂದದ್ದು 1987ರಲ್ಲಿ. 1993ರಲ್ಲಿ ಜಪಾನಿನ ಸೈ ಬ್ಯಾಂಡಿನ ಮೊದಲ ಆಲ್ಬಂ ಹೊರಗೆ ಬಂದದ್ದು ಮೇಹೆಮ್‌ನ ಗಿಟಾರಿಸ್ಟ್ ಯೂರಾನಿಮಸ್ ನಡೆಸುತ್ತಿದ್ದ ಲೇಬಲ್‌ನಿಂದ, ಅಂದರೆ ಆಲ್ಬಂ ಹೊರತರುವ ಕಂಪನಿಯಿಂದ. ಓಸ್ಲೋದಲ್ಲಿ ಕೂತವನು ಟೋಕಿಯೋದ ಬ್ಯಾಂಡಿಗೆ ಬಾಗಿಲು ತೆಗೆದಿದ್ದ. ಇವನು ಬೆಂಗಳೂರಲ್ಲಿ ಕೂತು ಅವರ ಹೆಸರಲ್ಲಿ ಬಾಗಿಲು ಹಾಕುತ್ತಾನೆ.

ನನಗನಿಸುವುದು ಇಷ್ಟು. ಇವನಿಗೆ ಹಾಡಿಗಿಂತ ಕಥೆ ಮೇಲೆ ಪ್ರೀತಿ ಜಾಸ್ತಿ. ಆಗ ನಾರ್ವೆಯ ಬ್ಲ್ಯಾಕ್ ಮೆಟಲ್ ಹುಡುಗರು ಚರ್ಚ್ ಸುಟ್ಟ ಕಥೆ, 1993ರ ಆಗಸ್ಟ್‌ನಲ್ಲಿ ಯೂರಾನಿಮಸ್‌ನನ್ನು ಚುಚ್ಚಿ ಕೊಂದ ಕಥೆ. ಶನಿವಾರವೂ ಅದನ್ನೇ ಹೇಳಿದ, ಕಣ್ಣರಳಿಸಿಕೊಂಡು. ಸತ್ತವನಿಗೆ ಆಗ 25 ವರ್ಷ. ಅದರಲ್ಲಿ ಕಣ್ಣರಳಿಸುವಂಥದ್ದು ಏನಿದೆ?

ಧೈರ್ಯದ ಕಥೆಯೇ ಬೇಕಿದ್ದರೆ ಸೌದಿ ಅರೇಬಿಯಾದ ಅಲ್ ನಮ್ರೂದ್ ಬ್ಯಾಂಡ್ ಇದೆಯಲ್ಲ. 2008ರಿಂದ ಇದ್ದಾರೆ. ಅರಬ್ಬಿಯಲ್ಲಿ ಹಾಡುತ್ತಾರೆ, ಅಲ್ಲಿನ ವಾದ್ಯ, ಅಲ್ಲಿನ ಸ್ವರ. ಸ್ವಂತ ಹೆಸರು ಹೇಳುವ ಹಾಗಿಲ್ಲ, ಮುಖ ತೋರಿಸುವ ಹಾಗಿಲ್ಲ, ತಮ್ಮ ಊರಲ್ಲಿ ವೇದಿಕೆ ಹತ್ತುವ ಮಾತೇ ಇಲ್ಲ. ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯ. ಆಲ್ಬಂಗಳು ಹೊರಬಂದದ್ದು ಕೆನಡಾದ ಲೇಬಲ್ ಮೂಲಕ. ಇಂಥವರು ಒಂದಾದ ಮೇಲೆ ಒಂದು ಆಲ್ಬಂ ಮಾಡುತ್ತಿರುವಾಗ ಅದನ್ನು ವೇಷ ಅಂತ ಕರೆಯಲು ಬಾಯಿ ಹೇಗೆ ಬರುತ್ತದೆ?

ಇನ್ನೊಂದು ಹೇಳುತ್ತೇನೆ. ಅಮೆರಿಕದ ಮಿನೆಸೋಟದ ಒಬ್ಬನೇ ಒಬ್ಬ ಮನುಷ್ಯ ಕೊಸ್ಟ್‌ನಾಟ್ಯೆನಿ ಅನ್ನೋ ಹೆಸರಲ್ಲಿ ಹಾಡುತ್ತಾನೆ. ಹಾಡುವುದು ಚೆಕ್ ಭಾಷೆಯಲ್ಲಿ. 2022ರಲ್ಲಿ ಟರ್ಕಿಯ ಜನಪದ ಹಾಡುಗಳನ್ನು ತೆಗೆದುಕೊಂಡು ಬ್ಲ್ಯಾಕ್ ಮೆಟಲ್ ಮಾಡಿದ. ಸ್ವರಗಳು ಬಾಗುತ್ತವೆ, ಜಾರುತ್ತವೆ, ಹಿಂದಿನಿಂದ ಡ್ರಮ್ ಕಲ್ಲು ಸುರಿದ ಹಾಗೆ ಬೀಳುತ್ತದೆ. ಮೊದಲ ಸಲ ಕೇಳಿದಾಗ ಬಸ್ಸಲ್ಲಿದ್ದೆ. ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿ, ಮೂರು ಸ್ಟಾಪ್ ಆದ ಮೇಲೆ ಎಚ್ಚರವಾಯಿತು.

ಐಸ್‌ಲ್ಯಾಂಡಿನವರು ಐಸ್‌ಲ್ಯಾಂಡಿಕ್‌ನಲ್ಲೇ ಹಾಡುತ್ತಾರೆ, ಕೆನಡಾದ ಕೆಬೆಕ್‌ನವರು ಫ್ರೆಂಚ್‌ನಲ್ಲಿ. ನಮ್ಮ ಬೆಂಗಳೂರಿನ ದ್ವೇಷ ಬ್ಯಾಂಡ್ ಕನ್ನಡದಲ್ಲಿ ಹಾಡಿದೆ. ಅವರದು ಡೆತ್ ಮೆಟಲ್, ಮೆಟಲ್‌ನ ಇನ್ನೊಂದು ಬಗೆ, ಬ್ಲ್ಯಾಕ್ ಮೆಟಲ್ ಅಲ್ಲ, ಗೊತ್ತು. ಆದರೂ ಅವರ 2014ರ ಆಲ್ಬಂ 'ಸ್ತೂಪ' ಕೇಳಿದ ದಿನ ಮೈ ಜುಮ್ಮೆಂದಿತ್ತು. ಆ ಗಂಟಲಿನ ಗುಡುಗಿನೊಳಗೆ ನನಗೆ ಅರ್ಥವಾಗುವ ಪದ ಇತ್ತು! ಅವತ್ತಿನಿಂದ ಯಾವ ದೇಶದವರು ತಮ್ಮ ಭಾಷೆಯಲ್ಲಿ ಕೂಗಿದರೂ ನನಗೆ ಅವರ ಊರಿನ ಹುಡುಗರ ನೆನಪಾಗುತ್ತದೆ. ಅವರಿಗೂ ಹೀಗೇ ಜುಮ್ಮೆಂದಿರಬೇಕು ಅಲ್ವಾ?

ಹೊಸದರಲ್ಲಿ ಜೊಳ್ಳು ಜಾಸ್ತಿ ಅಂತ ಕೆಲವರು ಹೇಳುತ್ತಾರೆ. ಇದೆ. ವಾರ ವಾರ ರಾಶಿ ಬೀಳುತ್ತದೆ, ಅರ್ಧ ನಿಮಿಷ ಕೇಳಿ ಬಿಡುವಂಥವು ಎಷ್ಟೋ. ನಾಜಿಗಳಿಗೆ ಜೈ ಅನ್ನುವ ಬ್ಯಾಂಡುಗಳೂ ಇವೆ, ಅದಕ್ಕೇ ಯಾರು ಏನು ಅಂತ ನೋಡದೆ ನಾನು ಒಂದು ರೂಪಾಯಿ ಕೊಡುವುದಿಲ್ಲ. ಆದರೆ ಜೊಳ್ಳಿದೆ ಅಂತ ಯಾರಾದರೂ ರಾಶಿ ತೂರುವುದನ್ನೇ ಬಿಡುತ್ತಾರಾ? ರೆಕಾರ್ಡಿಂಗ್ ಸರಿ ಇಲ್ಲ ಅನ್ನೋರಿಗೂ ಒಂದು ಮಾತು. ನಾರ್ವೆಯದೇ ಡಾರ್ಕ್‌ಥ್ರೋನ್ ಬ್ಯಾಂಡಿನ ಫೆನ್ರಿಜ್ ಅವರ 1994ರ ಆಲ್ಬಂಗೆ ಗಿಟಾರ್, ಬೇಸ್, ಡ್ರಮ್ ಎಲ್ಲ ತಾನೊಬ್ಬನೇ ನುಡಿಸಿ ನಾಲ್ಕು ಟ್ರ್ಯಾಕಿನ ಮೆಷಿನ್‌ನಲ್ಲಿ ರೆಕಾರ್ಡ್ ಮಾಡಿದ್ದ. ಆ ಗರಗರ ಸದ್ದಿಗೆ ಕೈಮುಗಿಯುವವರು, ಇವತ್ತು ಯಾರೋ ತಮ್ಮ ಕೋಣೆಯಲ್ಲಿ ಹಾಗೇ ಮಾಡಿದರೆ ಮುಖ ಸಿಂಡರಿಸುತ್ತಾರೆ. ನನಗಿದು ಅರ್ಥವೇ ಆಗುವುದಿಲ್ಲ.

ಇಲ್ಲಿವರೆಗೆ ಯಾರಿಗೂ ಹೇಳದ ಒಂದು ವಿಷಯ. 2021ರಲ್ಲಿ ಅಪ್ಪ ಹೋದರಲ್ಲ, ತಿಥಿ ಮುಗಿದು ನೆಂಟರೆಲ್ಲ ಹೊರಟ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಂಡೆ. ಸ್ವಿಟ್ಜರ್ಲೆಂಡಿನ ಪೇಯ್ಸಾಜ್ ದಿವೇರ್‌ನ 2020ರ ಆಲ್ಬಂ. ಅದೂ ಒಬ್ಬನೇ ಮಾಡುವ ಬ್ಯಾಂಡ್, ಎರಡು ಗಂಟೆಯ ಆಲ್ಬಂ. ಚಳಿಗಾಲದ ಕಾಡಿನಲ್ಲಿ ಒಬ್ಬ ನಡೆಯುತ್ತಾ ಹೋಗುತ್ತಾನೆ, ಅಷ್ಟೇ ಕಥೆ. ಗಿಟಾರ್ ಯಾವುದು, ಬೀಸುವ ಗಾಳಿ ಯಾವುದು ಗೊತ್ತಾಗುವುದಿಲ್ಲ. ನಾನು ಹಿಮ ಕಂಡವನಲ್ಲ. ಆದರೂ ಅವನ ಹಿಂದೆಯೇ ನಡೆದೆ. ಮುಗಿಯುವ ಹೊತ್ತಿಗೆ ಅಮ್ಮ ಎದ್ದು ಹಾಲು ಕಾಯಿಸುತ್ತಿದ್ದರು. ಆ ಹತ್ತು ಹದಿಮೂರು ದಿನದಲ್ಲಿ ಬಾರದ ಅಳು ಆವಾಗ ಬಂತು.

94ಕ್ಕೇ ಮುಗಿದಿದ್ದರೆ ಆ ರಾತ್ರಿ ನಾನು ಏನು ಕೇಳುತ್ತಿದ್ದೆ?

ಆ ಗೆಳೆಯ ಇದನ್ನು ಓದುತ್ತಾನೆ, ನನಗೆ ಗೊತ್ತು. ನಿನ್ನ ಮೇಲೆ ದ್ವೇಷ ಇಲ್ಲ ಮಾರಾಯ, ಸಿಟ್ಟಿದೆ. ಬರುವ ಶನಿವಾರ ನಮ್ಮ ಮನೆಗೆ ಬಾ. ಊಟ ನಮ್ಮಲ್ಲೇ, ಅಮ್ಮ ಇದ್ದಾರೆ. ನಿನ್ನ ಫೋನ್ ಹೊರಗಿನ ಕೋಣೆಯಲ್ಲಿ ಇಟ್ಟು ಬರಬೇಕು. ಬ್ಲ್ಯಾಕ್‌ಬ್ರೇಡ್ ನಿಲ್ಲಿಸಿದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ.