ಬಾಯಾರಿಕೆ ಯಾರದು?

ಹಳೆಯ ಬಿಯರ್ ಜಾಹೀರಾತುಗಳನ್ನು ನೋಡುತ್ತಾ ಕೂತಿದ್ದೆ. ಒಂದು ವಿಷಯ ಮನಸ್ಸಿಗೆ ಚುಚ್ಚಿತು. ಹೆಣ್ಣು ಎಲ್ಲದರಲ್ಲೂ ಇದ್ದಾಳೆ, ಆದರೆ ಅವಳಿಗೆ ಬಾಯಾರಿಕೆಯೇ ಇಲ್ಲ. ಬಾಟಲಿ ತರುತ್ತಾಳೆ, ಗ್ಲಾಸಿಗೆ ಸುರಿಯುತ್ತಾಳೆ, ನಗುತ್ತಾಳೆ. ಕುಡಿಯುವುದು ಅವನು.

1952ರಲ್ಲಿ ಅಮೆರಿಕದ ಶ್ಲಿಟ್ಜ್ ಬಿಯರಿನ ಜಾಹೀರಾತು ಒಂದಿದೆ. ಅಡುಗೆ ಸೀದುಹೋಗಿದೆ, ಹೆಂಡತಿ ಅಳುತ್ತಿದ್ದಾಳೆ. ಹೋಗಲಿ ಬಿಡು, ಬಿಯರ್ ಅಂತೂ ಸೀದಿಲ್ಲವಲ್ಲ ಅಂತ ಗಂಡ ಸಮಾಧಾನ ಮಾಡುತ್ತಾನೆ. ಇದನ್ನು ನೋಡಿ ನಗುವವರೇ ಜಾಸ್ತಿ. ನನಗೆ ನಗು ಬರಲಿಲ್ಲ. ಒಂದು ಹೊತ್ತಿನ ಅಡುಗೆ ಕೆಟ್ಟಿದ್ದಕ್ಕೆ ಹಾಗೆ ಅಳಬೇಕು ಅಂತ ಅವಳಿಗೆ ಕಲಿಸಿದವರು ಯಾರು?

ಆಮೇಲೆ ಅಡುಗೆಮನೆ ಹೋಗಿ ಬಿಕಿನಿ ಬಂತು. 1991ರಲ್ಲಿ ಓಲ್ಡ್ ಮಿಲ್ವಾಕಿ ಬಿಯರಿಗಾಗಿ 'ಸ್ವೀಡಿಷ್ ಬಿಕಿನಿ ಟೀಮ್' ಅಂತ ಜಾಹೀರಾತು ಮಾಡಿದರು. ಅದೇ ವರ್ಷ, ಆ ಬಿಯರ್ ತಯಾರಿಸುತ್ತಿದ್ದ ಸ್ಟ್ರೋ ಕಂಪನಿಯ ಸೇಂಟ್ ಪಾಲ್ ಕಾರ್ಖಾನೆಯ ಹೆಣ್ಣುಮಕ್ಕಳು ಕೋರ್ಟಿಗೆ ಹೋದರು. ಕೆಲಸದ ಜಾಗದಲ್ಲಿ ನಮಗೆ ಲೈಂಗಿಕ ಕಿರುಕುಳ ಆಗುತ್ತಿದೆ, ಇಂಥ ಜಾಹೀರಾತುಗಳು ಅದಕ್ಕೆ ಕುಮ್ಮಕ್ಕು ಕೊಡುತ್ತಿವೆ ಅಂದರು. ಅವರು ಆ ಬಿಯರಿನ ಕಾರ್ಖಾನೆಯಲ್ಲೇ ದುಡಿಯುತ್ತಿದ್ದವರು, ನೆನಪಿರಲಿ. ಪರದೆಯ ಮೇಲೆ ಒಂದು ಹೆಣ್ಣು, ಪಕ್ಕದ ಯಂತ್ರದ ಹತ್ತಿರ ಇನ್ನೊಂದು ಹೆಣ್ಣು. ಇಬ್ಬರನ್ನೂ ನೋಡುವ ಕಣ್ಣು ಒಂದೇ ಅಲ್ವಾ? 'ಜಾಹೀರಾತು ತಾನೇ, ಸುಮ್ನೆ ತಮಾಷೆಗೆ' ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಇದೆಲ್ಲ ಹಳೇ ಕಥೆ ಅಂತಲೂ ಅನ್ನಬೇಡಿ. 2015ರಲ್ಲಿ ಬಡ್ ಲೈಟ್ ಬಾಟಲಿಯ ಲೇಬಲ್ ಮೇಲೆ, ಇವತ್ತು ರಾತ್ರಿ ನಿಮ್ಮ ಬಾಯಿಂದ 'ಬೇಡ' ಅನ್ನುವ ಮಾತನ್ನು ತೆಗೆದುಹಾಕುವ ಬಿಯರ್ ಇದು ಎಂಬ ಅರ್ಥದ ಸಾಲಿತ್ತು. ಜನ ರೊಚ್ಚಿಗೆದ್ದರು, ಕಂಪನಿ ತಪ್ಪೊಪ್ಪಿಕೊಂಡಿತು. ಬಿಕಿನಿಗಿಂತ ಈ ಸಾಲಿಗೇ ನಾನು ಜಾಸ್ತಿ ಹೆದರಿದ್ದು. ಅಚ್ಚಾಗಿ ಅಂಗಡಿಗೆ ಬರುವ ಮುಂಚೆ ಅದನ್ನು ಎಷ್ಟು ಜನ ಓದಿ ಸರಿ ಅಂದಿರಬೇಕು!

ಈ ಜಾಹೀರಾತುಗಳು ಗಂಡಸರಿಗೂ ಅವಮಾನವೇ. ಒಂದು ಗ್ಲಾಸ್ ಇಳಿದರೆ ಸಾಕು, ಅವರಿಗೆ ಬೇರೆ ಯೋಚನೆಯೇ ಇಲ್ಲ ಅನ್ನುವ ಹಾಗೆ.

ಬದಲಾವಣೆ ಬಂದೇ ಇಲ್ಲ ಅಂತಲ್ಲ. 2017ರಲ್ಲಿ ಬ್ರೆಜಿಲಿನ ಸ್ಕೋಲ್ ಬಿಯರ್ ತನ್ನ ಹಳೆಯ ಪೋಸ್ಟರುಗಳನ್ನು ಮಹಿಳಾ ಕಲಾವಿದರ ಕೈಲಿ ಮತ್ತೆ ಬರೆಸಿತು. 2019ರ ಮಹಿಳಾ ದಿನಕ್ಕೆ ಬಡ್‌ವೈಸರ್ ಕೂಡ 1950, 60ರ ದಶಕದ ತನ್ನ ಜಾಹೀರಾತುಗಳನ್ನು ತಿದ್ದಿ ಪತ್ರಿಕೆಗಳಲ್ಲಿ ಹಾಕಿತು. ಒಳ್ಳೆಯದೇ. ಆದರೆ ಮಹಿಳಾ ದಿನ ಒಂದೇ ದಿನ. ಹಾಗೆ ನೋಡಿದರೆ ಸುಮಾರು 3,800 ವರ್ಷದ ಹಿಂದೆ, ಇವತ್ತಿನ ಇರಾಕ್ ಇರುವ ಕಡೆ ಬಾಳಿದ ಸುಮೇರಿಯನ್ನರು ಬಿಯರಿನ ದೇವತೆ ಅಂತ ಹಾಡಿ ಹೊಗಳಿದ್ದು ನಿನ್ಕಾಸಿ ಎಂಬ ಹೆಣ್ಣುದೇವತೆಯನ್ನು. ಕೊನೆಗೆ ಅವಳನ್ನು ತಟ್ಟೆ ಹಿಡಿದು ನಿಲ್ಲಿಸಿಬಿಟ್ಟೆವು.

ನನಗೆ ತುಂಬಾ ಇಷ್ಟವಾಗಿದ್ದು 2020ರ ಹೈನೆಕೆನ್ ಜಾಹೀರಾತು. ವೇಟರ್ ಬಿಯರನ್ನು ಅವನ ಮುಂದೆ ಇಡುತ್ತಾನೆ, ಕಾಕ್‌ಟೈಲನ್ನು ಅವಳ ಮುಂದೆ. ಭಾಷಣ ಇಲ್ಲ, ಜಗಳ ಇಲ್ಲ. ಇಬ್ಬರೂ ಗ್ಲಾಸ್ ಅದಲು ಬದಲು ಮಾಡಿಕೊಳ್ಳುತ್ತಾರೆ. ಅವಳಿಗೆ ಬೇಕಿದ್ದಿದ್ದು ಬಿಯರ್.