ಮುನ್ಸೂಚನೆಯ ಎರಡನೇ ಸಾಲಿಗೆ ಕಾಯುವ ಊರು

ಬೇಸಿಗೆಯಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ಹೆಚ್ಚೂಕಡಿಮೆ ಒಂದೇ ಥರ ಇರುತ್ತೆ. ದಕ್ಷಿಣ ಒಳನಾಡಿನಲ್ಲಿ ಗರಿಷ್ಠ ಉಷ್ಣಾಂಶ ವಾಡಿಕೆಗಿಂತ ಎರಡು ಮೂರು ಡಿಗ್ರಿ ಹೆಚ್ಚು ಅಂತ ಒಂದು ಸಾಲು. ಒಂದೆರಡು ಕಡೆ ಗುಡುಗು ಸಹಿತ ಮಳೆ ಅಂತ ಇನ್ನೊಂದು. ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲ ಸಾಲನ್ನು ಯಾರೂ ಓದಲ್ಲ. ಎರಡನೆಯದಕ್ಕೆ ಮಾತ್ರ ಸಾಲುಸಾಲು ಕೈಮುಗಿಯೋ ಇಮೋಜಿ. ಸಂಜೆ ಮಳೆ ಬರಲಿಲ್ಲವೋ, ಇಲಾಖೆಗೆ ಮಂಗಳಾರತಿ.

ನನ್ನ ತಕರಾರು ಈ ಓದಿನ ಬಗ್ಗೆ. ಸಂಜೆ ಮಳೆ ಬಂದು ತಂಪಾಗುತ್ತೆ ಬಿಡು ಅಂದುಕೊಂಡೇ ಬೆಂಗಳೂರು ತನ್ನ ಬಿಸಿಲಿಗೆ ಏನೂ ಮಾಡಿಕೊಳ್ಳದೆ ಕೂತಿದೆ.

ಬೇಸಿಗೆ ಮಳೆ ನೆಚ್ಚಿಕೊಳ್ಳುವಂಥದ್ದೇ ಅಲ್ಲ. ಬೆಳಗ್ಗೆಯಿಂದ ನೆಲ ಕಾದು ಬಿಸಿಗಾಳಿ ಮೇಲೇರುತ್ತೆ. ಬಂಗಾಳ ಕೊಲ್ಲಿಯಿಂದಲೋ ಅರಬ್ಬಿ ಸಮುದ್ರದಿಂದಲೋ ಬಂದ ತೇವ ಅದಕ್ಕೆ ಸಿಕ್ಕರೆ ಮೂರು ನಾಲ್ಕು ಗಂಟೆ ಹೊತ್ತಿಗೆ ಮೋಡ ಗೋಪುರದ ಹಾಗೆ ಎದ್ದು ನಿಲ್ಲುತ್ತೆ. ಸಿಗದಿದ್ದರೆ ಬರೀ ಧಗೆ. ಒಂದು ಮೋಡದ ಹರವು ಕೆಲವೇ ಕಿಲೋಮೀಟರು, ಹಾಗಾಗಿ ಯಲಹಂಕದಲ್ಲಿ ಆಲಿಕಲ್ಲು ಬಿದ್ದ ಸಂಜೆ ಬನಶಂಕರಿಯಲ್ಲಿ ಸ್ಕೂಟರ್ ಸೀಟಿನ ಧೂಳೂ ನೆನೆದಿರಲ್ಲ. ಒಂದೆರಡು ಕಡೆ ಅಂತ ಇಲಾಖೆ ಬರೆದರೆ, ಆ ಪ್ರದೇಶದ ಮಳೆ ಅಳೆಯೋ ಕೇಂದ್ರಗಳ ಪೈಕಿ ಹೆಚ್ಚೆಂದರೆ ಕಾಲು ಭಾಗದಲ್ಲಿ ಮಳೆ ಅಂತ ಲೆಕ್ಕ. ಮಿಕ್ಕ ಮುಕ್ಕಾಲು ಭಾಗದಲ್ಲಿ ನಾನು ನೀವು ಇರ್ತೀವಿ. ಇನ್ನು ಹತ್ತು ನಿಮಿಷ ಹನಿದು ನಿಂತುಬಿಟ್ಟರಂತೂ ಮುಗೀತು, ಕಾದ ರಸ್ತೆಯಿಂದ ಹಬೆ ಎದ್ದು ರಾತ್ರಿಯಿಡೀ ಸೆಖೆ.

2024ರ ಏಪ್ರಿಲ್ ನೆನಪಿದೆಯಾ? ಇಡೀ ತಿಂಗಳು ನಗರದ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. 28ರಂದು 38.5 ಡಿಗ್ರಿ. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದ ವರ್ಷ ಅದು, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆಮೇಲೆ ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿದು, ಜೂನ್ ತಿಂಗಳಲ್ಲಿ 1891ರಿಂದ ಇದ್ದ ದಾಖಲೆ ಮುರಿದು ಹಾಕಿತು. ಅಷ್ಟೂ ನೀರು ರಾಜಕಾಲುವೆ ಸೇರಿ ಹರಿದುಹೋಯ್ತು.

ಈಗ ಮೊದಲ ಸಾಲಿಗೆ ಬರೋಣ. 36 ಡಿಗ್ರಿ ಅಂತ ಓದ್ತೀವಲ್ಲ, ಅದನ್ನು ಅಳೆಯೋದು ಬಿಳಿ ಬಣ್ಣ ಬಳಿದ, ಸುತ್ತಲೂ ಗಾಳಿಯಾಡೋ ಹಾಗೆ ಪಟ್ಟಿ ಜೋಡಿಸಿದ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕೈದು ಅಡಿ ಮೇಲೆ. ಅಂದರೆ ಅದು ನೆರಳಿನ ಲೆಕ್ಕ. ಜಗತ್ತಿನಲ್ಲೆಲ್ಲ ಹಾಗೇ ಅಳೆಯೋದು, ಕ್ರಮ ಸರಿಯಾಗೇ ಇದೆ. ಆದರೆ ನಮ್ಮ ಬೀದಿ ತುದಿಯಲ್ಲಿ ಡಾಂಬರು ಹಾಕ್ತಿದ್ದವರು ಆ ಪೆಟ್ಟಿಗೆಯೊಳಗೆ ಇರಲಿಲ್ಲ. ಹೋದ ವಾರ, ಮಧ್ಯಾಹ್ನ ಒಂದೂವರೆ. ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಹೊಗೆಯಾಡೋ ಜಲ್ಲಿ ಎಳೀತಿದ್ದಾರೆ. ಕುಡಿಯೋ ನೀರಿನ ಕ್ಯಾನು ಬಿಸಿಲಲ್ಲೇ ಇದೆ. ನಿಂತ ಟಿಪ್ಪರ್ ನೆರಳಲ್ಲಿ ಹೆಂಗಸೊಬ್ಬರು ಮಗುವನ್ನು ಸೀರೆ ಹಾಸಿ ಮಲಗಿಸಿದ್ದರು. ಟಿಪ್ಪರ್ ಮುಂದಕ್ಕೆ ಹೋದಾಗಲೆಲ್ಲ ಸಲಿಕೆ ಬಿಟ್ಟು ಓಡಿಬಂದು, ಮಗುವನ್ನೂ ಸೀರೆಯನ್ನೂ ಎತ್ತಿಕೊಂಡು ನೆರಳಿನ ಹಿಂದೆಯೇ ಹೋಗ್ತಿದ್ದರು. ಆ ರಸ್ತೆ ಅಷ್ಟು ಅರ್ಜೆಂಟಾಗಿ ಯಾರಿಗೂ ಬೇಕಿರಲಿಲ್ಲ.

ಬಯಲು ಪ್ರದೇಶದಲ್ಲಿ ಶಾಖದ ಅಲೆ ಅಂತ ಘೋಷಿಸೋಕೆ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಬೆಂಗಳೂರು ನಗರದ ವೀಕ್ಷಣಾಲಯದ ಸಾರ್ವಕಾಲಿಕ ದಾಖಲೆಯೇ 39.2, ಅದೂ 2016ರ ಏಪ್ರಿಲ್‌ನದು. 900 ಮೀಟರಿಗಿಂತ ಎತ್ತರದಲ್ಲಿರೋ ಊರಿಗೆ ಆ ಗೆರೆ ಹಾಕಿಕೊಂಡು ಕೂತರೆ, ಇಲ್ಲಿ ಯಾರಿಗೆ ತಲೆ ಸುತ್ತಿ ಬಿದ್ದರೂ ಶಾಖದ ಅಲೆ ಬರೋದೇ ಇಲ್ಲ.

ಕಲಬುರಗಿಯ ಗೆಳೆಯ ಇದನ್ನು ಕೇಳಿ ನಗ್ತಾನೆ. “ನಿಮ್ಮೂರಾಗ ಇದೇನ್ ಬಿಸಲಲೇ, ನಮ್ ಕಡಿ ಇದಕ್ಕ ಚಳಿಗಾಲ ಅಂತಾರ.” ನಗಲಿ ಪಾಪ. ಅವನ ಊರಿಗೆ ಬಿಸಿಲಿನ ಜೊತೆ ಬಾಳೋದು ಗೊತ್ತಿದೆ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತೆ. ತಲೆಗೆ ಟವೆಲ್ ಸುತ್ತದೆ ಹೊರಗೆ ಕಾಲಿಡೋರು ಕಡಿಮೆ. ಬಿಸಿಲೇರೋಕೆ ಮುಂಚೆ ಕಿಟಕಿ ಮುಚ್ಚಿರ್ತಾರೆ. ನಾವು ಗಾಳಿ ಬರಲಿ ಅಂತ ನಡುಮಧ್ಯಾಹ್ನ ಕಿಟಕಿ ತೆಗೆದಿಟ್ಟು ಝಳವನ್ನು ಒಳಗೆ ಕರಕೊಳ್ತೀವಿ. ಮೇಲಿನ ಮಹಡಿಯವರ ಗತಿ ಕೇಳಬೇಡಿ, ನಮ್ಮನೆಯಲ್ಲಿ ರಾತ್ರಿ ಎಂಟಕ್ಕೂ ನಲ್ಲಿ ತಿರುಗಿಸಿದರೆ ಬಿಸಿನೀರು. ಗೀಸರ್ ಖರ್ಚು ಉಳೀತು ಅಂತಾರೆ ನಮ್ಮಮ್ಮ.

ಹೋಗಲಿ, ಅಷ್ಟು ಹಂಬಲಿಸೋ ಎರಡನೇ ಸಾಲಿಗಾದರೂ ತಯಾರಿದ್ದೀವಾ? 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಬಿಟ್ಟಿದ್ದು ಇಂಥದೇ ಬೇಸಿಗೆ ಮಳೆಗೆ. ಇವತ್ತಿಗೂ ಮಳೆ ಬಂದ ತಕ್ಷಣ ಬೈಕಿನವರು ನುಗ್ಗೋದು ಅಂಡರ್‌ಪಾಸಿಗೆ, ಇಲ್ಲ ಮರದ ಕೆಳಗೆ. ಗುಲ್‌ಮೊಹರ್‌ಗೆ ಮೊದಲೇ ಬೇರು ಆಳಕ್ಕಿಳಿಯಲ್ಲ, ಫುಟ್‌ಪಾತ್ ಅಗೆದು ಇದ್ದ ಬೇರನ್ನೂ ಕತ್ತರಿಸಿ ಸಿಮೆಂಟ್ ಬಳಿದ ಮೇಲೆ ಅದು ಗಾಳಿಗೆ ಬೀಳದೆ ಇನ್ನೇನು ಮಾಡೀತು? ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಅಂತ ತಿಳ್ಕೊಳ್ಳಿ, ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಅಲ್ಲೇ ಇರಿ.

ಬಿಸಿಲಿಗೆ ಮಾಡಬೇಕಾದ್ದರಲ್ಲಿ ಒಂದಕ್ಕೆ ದುಡ್ಡೇ ಬೇಡ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ 12ರಿಂದ 3ರವರೆಗೆ ರಸ್ತೆ, ಕಸ, ಕಟ್ಟಡದ ಕೆಲಸ ನಿಲ್ಲಬೇಕು ಅಂತ ಟೆಂಡರಿನಲ್ಲೇ ಬರೆದುಬಿಡಲಿ. 40 ಡಿಗ್ರಿ ಆಗಲಿ ಅಂತ ಕಾಯೋದು ಬೇಡ, 35 ದಾಟಿದರೆ ಸಾಕು. ಕೂಲಿ ಕತ್ತರಿಸದೆ ಮಧ್ಯಾಹ್ನ ಕೆಲಸ ನಿಲ್ಲಿಸೋ ಗುತ್ತಿಗೆದಾರರು ನಿಮ್ಮ ಏರಿಯಾದಲ್ಲಿ ಈಗಾಗಲೇ ಇದ್ದರೆ ಕಾಮೆಂಟಿನಲ್ಲಿ ಹೇಳಿ. ಆಗಲ್ಲ ಅನ್ನೋ ನಮ್ಮ ವಾರ್ಡ್ ಎಂಜಿನಿಯರ್‌ಗೆ ತೋರಿಸೋಕೆ ಬೇಕಿತ್ತು.